‘ಹಲ್ಕಟ್’ ಎಂಬ ಮಾತಿನ ತೂಕ

ಕಾರವಾರದ ಬಂದರಿನಿಂದ ಅಂಕೋಲೆಯ ಸಂತೆಪೇಟೆಯವರೆಗೆ, ಒಬ್ಬರ ಮೇಲೆ ಇನ್ನೊಬ್ಬರಿಗೆ ಸಿಟ್ಟು ಬಂದಾಗ ಬಾಯಿಂದ ಮೊದಲು ಹೊರಬೀಳುವ ಮಾತುಗಳಲ್ಲಿ ‘ಹಲ್ಕಟ್’ ಎಂಬುದೂ ಒಂದು. ಚಿಲ್ಲರೆ ಕೊಡುವಾಗ ಗೊಣಗಿದ ಬಸ್ ನಿರ್ವಾಹಕ, ಒಪ್ಪಿದ್ದಕ್ಕಿಂತ ಎರಡು ರೂಪಾಯಿ ಹೆಚ್ಚು ಕೂಲಿ ಕೇಳಿದ ಹಮಾಲ, ಸರದಿಯನ್ನು ಬಿಟ್ಟು ಮುಂದೆ ನುಗ್ಗಿದ ಹುಡುಗ, ಹಿರಿಯರಿಗೆ ಎದುರುತ್ತರ ಕೊಟ್ಟ ಕೆಲಸದಾಳು, ಇವರೆಲ್ಲರಿಗೂ ಈ ಒಂದೇ ಪಟ್ಟ ಸಲ್ಲುತ್ತದೆ. ಮನೆಮಾತು ಕೊಂಕಣಿಯಾಗಿರಲಿ, ಕನ್ನಡವಾಗಿರಲಿ, ಮರಾಠಿಯಾಗಿರಲಿ, ಕೇಳಿದವರಿಗೆ ಅರ್ಥ ವಿವರಿಸಬೇಕಾದ ಪ್ರಮೇಯವೇ ಬರುವುದಿಲ್ಲ. ಒರಟ, ಉದ್ಧಟ, ಪೋಕರಿ ಮುಂತಾದ ಮಾತುಗಳು ಇದರ ಬಳಗಕ್ಕೆ ಸೇರಿದವೇ ಆದರೂ ‘ಹಲ್ಕಟ್’ ಎಂದಾಗ ಅದರಲ್ಲಿ ಅವಿನಯದ ಆರೋಪದ ಜೊತೆಗೆ ಇನ್ನೊಂದು ಆರೋಪವೂ ಸೇರಿಕೊಂಡಿರುತ್ತದೆ: ಈತ ಕೀಳು, ಈತನಿಂದ ಬೇರೇನನ್ನು ನಿರೀಕ್ಷಿಸಬೇಕು ಎಂಬ ತಿರಸ್ಕಾರ. ಆ ತಿರಸ್ಕಾರ ಈ ಪದದೊಳಗೆ ಎಲ್ಲಿಂದ ಬಂದು ಕುಳಿತಿತು ಎಂಬುದು ವಿಚಾರಣೀಯ.

ಪದವು ಈ ಕರಾವಳಿಗೆ ಬಂದ ದಾರಿಯನ್ನು ಊಹಿಸುವುದು ಕಷ್ಟವಲ್ಲ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಕಾರವಾರದ ವ್ಯಾಪಾರ, ಹಡಗು, ನೌಕರಿ, ಶಿಕ್ಷಣ ಎಲ್ಲವೂ ಮುಂಬಯಿಯ ಕಡೆಗೇ ಮುಖ ಮಾಡಿದ್ದವು. ಮರಾಠಿಯ ಮಾತುಗಳು ಪೇಟೆಯ ಸರಕಿನೊಡನೆ ಬಂದು ಇಳಿದವು. ಕೊಂಕಣಿಗೂ ಮರಾಠಿಗೂ ಹಳೆಯ ನೆಂಟಸ್ತಿಕೆ ಇದ್ದುದರಿಂದ ಅವು ಪರಕೀಯವೆನಿಸಲೂ ಇಲ್ಲ. ಮರಾಠಿಯಲ್ಲಿ ‘ಹಲಕಾ’ ಎಂದರೆ ಹಗುರವಾದದ್ದು. ಅದಕ್ಕೆ ‘ಕಟ’ ಎಂಬ ಪ್ರತ್ಯಯದ ಛಾಯೆ ಸೇರಿ ‘ಹಲಕಟ’ ಆಯಿತು. ಎಣ್ಣೆಜಿಡ್ಡಿನದಕ್ಕೆ ‘ತೇಲಕಟ’, ಮಾಸಿದ್ದಕ್ಕೆ ‘ಮಳಕಟ’, ಮಕ್ಕಳಾಟಿಕೆಯ ಸ್ವಭಾವಕ್ಕೆ ‘ಪೋರಕಟ’ ಎನ್ನುವ ಭಾಷೆಯಲ್ಲಿ ‘ಹಲಕಟ’ ಎಂದರೆ ಹಗುರತನದ ಸ್ವಭಾವವುಳ್ಳದ್ದು ಎಂದೇ ಅರ್ಥ. ಕನ್ನಡದ ಬಾಯಲ್ಲಿ ಕೊನೆಯ ಸ್ವರ ಉದುರಿ ‘ಹಲ್ಕಟ್’ ಎಂದು ಗಟ್ಟಿಯಾಯಿತು. ಬೈಗುಳಕ್ಕೆ ಗಟ್ಟಿ ಕೊನೆಯಿದ್ದರೆ ಅನುಕೂಲ.

ಹಾಗಾದರೆ ‘ಹಲಕಾ’ ಎಲ್ಲಿಂದ ಬಂತು? ಇದಕ್ಕೆ ಉತ್ತರ ಕೊಡುವವರು ಜೈನ ಆಚಾರ್ಯರೇ ಎಂಬುದು ಸಂತೋಷದ ಸಂಗತಿ. 1088ರಲ್ಲಿ ಜನಿಸಿ, ಗುಜರಾತಿನ ಸಿದ್ಧರಾಜ ಜಯಸಿಂಹನ ಆಶ್ರಯದಲ್ಲಿ ‘ಸಿದ್ಧಹೇಮಶಬ್ದಾನುಶಾಸನ’ವನ್ನು ರಚಿಸಿದ ಆಚಾರ್ಯ ಹೇಮಚಂದ್ರರು ಅದರ ಎಂಟನೆಯ ಅಧ್ಯಾಯವನ್ನು ಪ್ರಾಕೃತಕ್ಕೆ ಮೀಸಲಿಟ್ಟರು. ಅಲ್ಲಿ ಅಕ್ಷರಗಳು ಪರಸ್ಪರ ಸ್ಥಾನ ಬದಲಿಸಿಕೊಳ್ಳುವ ವರ್ಣವ್ಯತ್ಯಯಕ್ಕಾಗಿ ಸಾಲಾಗಿ ಕೆಲವು ಸೂತ್ರಗಳಿವೆ. ವಾರಾಣಸಿಯು ‘ವಾಣಾರಸಿ’ಯಾದದ್ದು, ಮಹಾರಾಷ್ಟ್ರವು ‘ಮರಹಟ್ಠ’ವಾದದ್ದು ಅಲ್ಲಿಯ ಉದಾಹರಣೆಗಳು. ಅದೇ ಸಾಲಿನಲ್ಲಿ ‘ಲಘುಕ’ ಎಂಬ ಶಬ್ದವೂ ಇದೆ. ಲಘುಕದಲ್ಲಿಯ ಘಕಾರವು ಹಕಾರವಾಗಿ, ಆಮೇಲೆ ಲಕಾರ-ಹಕಾರಗಳು ಜಾಗ ಬದಲಿಸಿಕೊಂಡು ‘ಹಲುಅ’ ಎಂಬ ರೂಪ ಸಿದ್ಧಿಸುತ್ತದೆ. ಹಿಂದಿಯ, ಮರಾಠಿಯ ‘ಹಲಕಾ’ ಈ ಕುಲಕ್ಕೆ ಸೇರಿದ್ದು. ಮರಾಠಿ-ಕೊಂಕಣಿಗಳಲ್ಲಿ ಮೆಲ್ಲಗೆ, ನಿಧಾನವಾಗಿ ಎಂಬ ಅರ್ಥದಲ್ಲಿ ಬಳಸುವ ‘ಹಳೂ’ ಎಂಬ ಮೃದುವಾದ ಮಾತೂ ಈ ಕುಲಕ್ಕೇ ಸೇರಿದ್ದು. ಮಲಗಿದ ಕೂಸನ್ನು ತೊಟ್ಟಿಲಲ್ಲಿ ಇಡುವಾಗ ತಾಯಿ ಹೇಳುವ ಮಾತೂ, ಬೀದಿಯ ಜಗಳದಲ್ಲಿ ಎಸೆಯುವ ಮಾತೂ ಒಂದೇ ಬೇರಿನಿಂದ ಬಂದಿವೆ.

ಶಬ್ದದ ಮೂಲವನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತೋರಿಸಬೇಕು. ‘ಲುಚ್ಚಾ’ ಎಂಬ ಬೈಗುಳವು ಮುನಿಗಳ ಕೇಶಲುಂಚನವನ್ನು ಹೀಯಾಳಿಸಲು ಹುಟ್ಟಿದ್ದೆಂಬ ಮಾತು ಸಮಾಜದಲ್ಲಿ ಆಗಾಗ ಕೇಳಿಬರುತ್ತದೆ. ಧ್ವನಿಸಾಮ್ಯ ಮಾತ್ರದಿಂದ ಅಂಥ ನಿರ್ಣಯಕ್ಕೆ ಬರುವುದು ಹೇಮಚಂದ್ರರ ಪರಂಪರೆಗೆ ಒಪ್ಪುವಂಥದ್ದಲ್ಲ. ತಮ್ಮ ಸಮುದಾಯಕ್ಕೆ ಆದ ಅಪಮಾನವನ್ನು ನಿಘಂಟಿನಲ್ಲಿ ಹುಡುಕುವ ಉತ್ಸಾಹವು, ತಾವು ಇತರರಿಗೆ ಮಾಡುವ ಅಪಮಾನವನ್ನು ತಮ್ಮ ನಾಲಗೆಯಲ್ಲಿ ಹುಡುಕುವುದರಲ್ಲಿ ಅಷ್ಟಾಗಿ ಕಾಣಿಸದು.

ಇಷ್ಟಕ್ಕೂ ಹಗುರವಾದದ್ದು ಕೀಳಾದದ್ದು ಹೇಗಾಯಿತು? ಇದು ತಕ್ಕಡಿಯ ಭಾಷೆ. ಭಾರವಿದ್ದದ್ದಕ್ಕೆ ಬೆಲೆ, ಹಗುರವಾದದ್ದಕ್ಕೆ ಬೆಲೆಯಿಲ್ಲ. ಸಂಸ್ಕೃತದಲ್ಲಿ ‘ಗುರು’ ಎಂದರೆ ಭಾರವಾದದ್ದು. ಗುರುವಿನ ಭಾವ ‘ಗೌರವ’. ಅರ್ಥಾತ್ ಮರ್ಯಾದೆ ಎಂಬುದಕ್ಕೆ ಭಾಷೆ ಕೊಟ್ಟ ಹೆಸರೇ ತೂಕ. ಕನ್ನಡವೂ ಇದೇ ದಾರಿಯನ್ನು ಹಿಡಿದಿದೆ. ತೂಕದ ಮನುಷ್ಯ, ತೂಕದ ಮಾತು ಎನ್ನುತ್ತೇವೆ. ಅವಮರ್ಯಾದೆಯಿಂದ ಆಡಿದರೆ ‘ಹಗುರವಾಗಿ ಮಾತನಾಡಿದ’ ಎನ್ನುತ್ತೇವೆ. ಉದ್ಧಟನೂ ಈ ತಕ್ಕಡಿಯಿಂದ ದೂರದವನಲ್ಲ. ‘ಉದ್ಧತ’ ಎಂದರೆ ಮೇಲೆತ್ತಲ್ಪಟ್ಟದ್ದು ಎಂದರ್ಥ, ಮತ್ತು ತಕ್ಕಡಿಯಲ್ಲಿ ಮೇಲೇಳುವ ತಟ್ಟೆ ಬರಿದಾದದ್ದೇ.

ಆದರೆ ಪೇಟೆಯ ವ್ಯವಹಾರವನ್ನು ಹತ್ತಿರದಿಂದ ಬಲ್ಲವರಿಗೆ ಇಲ್ಲೊಂದು ಸಂಶಯ ಏಳದೆ ಇರದು. ಈ ಪದವು ನಿಜವಾಗಿ ಅವಿನಯವನ್ನು ತೂಗುತ್ತದೆಯೆ? ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಧಣಿಯು ಹತ್ತು ಜನರೆದುರು ಗುಮಾಸ್ತನನ್ನು ಗದರಿಸಿದರೆ ಜನ ಆತನನ್ನು ‘ಖಡಕ್ ಮನುಷ್ಯ’ ಎನ್ನುತ್ತಾರೆ, ‘ಸ್ವಲ್ಪ ಮುಂಗೋಪ, ಮನಸ್ಸು ಮಾತ್ರ ಒಳ್ಳೆಯದು’ ಎನ್ನುತ್ತಾರೆ. ಅಧಿಕಾರಿಯು ಒರಟಾಗಿ ಮಾತನಾಡಿದರೆ ‘ನೇರ ನಡೆಯವರು’ ಎನ್ನುತ್ತಾರೆ. ಅದೇ ಮಾತನ್ನು, ಅದಕ್ಕಿಂತ ಮೆಲುದನಿಯಲ್ಲಿ, ಗುಮಾಸ್ತನು ತಿರುಗಿ ಆಡಿದರೆ ಅವನು ಹಲ್ಕಟ್ ಆಗುತ್ತಾನೆ. ಸಂತೆಯಲ್ಲಿ ಬುಟ್ಟಿಯಿಟ್ಟು ಕುಳಿತ ಹಾಲಕ್ಕಿ ಹೆಂಗಸು ಹತ್ತು ಸಲ ಚೌಕಾಸಿ ಮಾಡಿದ ಗಿರಾಕಿಗೆ ‘ಬೇಕಿದ್ದರೆ ತಕ್ಕೊ, ಇಲ್ಲದಿದ್ದರೆ ಬಿಡು’ ಎಂದರೆ ಅವಳ ಮಾತು ಹಗುರ. ಅವಳ ಇಶಾಡು ಮಾವಿನ ಹಣ್ಣನ್ನು ಒತ್ತಿ ಒತ್ತಿ ನೋಡಿ ಮೆತ್ತಗೆ ಮಾಡಿ ಬಿಟ್ಟುಹೋದವರ ನಡತೆ ಹಗುರವಲ್ಲ. ಪದವು ನಡತೆಯನ್ನು ತೂಗುವ ಸೋಗಿನಲ್ಲಿ ಸ್ಥಾನವನ್ನು ತೂಗುತ್ತದೆ. ಯಾರ ಹತ್ತಿರ ಹಣ, ಮನೆತನ, ಅಧಿಕಾರಗಳ ಭಾರವಿಲ್ಲವೋ ಅವರು ಮೊದಲೇ ಹಗುರ. ಅವರ ಅವಿನಯವು ಆ ಹಗುರತನಕ್ಕೆ ಸಾಕ್ಷಿಯೆಂದು ತೋರಿಸಲ್ಪಡುತ್ತದೆ, ಅಷ್ಟೆ.

ಇಲ್ಲಿಗೆ ಬಂದಾಗ ಜಿನಾಗಮಗಳು ಈ ತಕ್ಕಡಿಯನ್ನು ತಲೆಕೆಳಗು ಮಾಡಿರುವುದು ಕಣ್ಣಿಗೆ ಬೀಳುತ್ತದೆ. ‘ಜ್ಞಾತೃಧರ್ಮಕಥಾ’ ಎಂಬ ಅಂಗಾಗಮದ ಆರನೆಯ ಅಧ್ಯಯನದಲ್ಲಿ ಇಂದ್ರಭೂತಿ ಗೌತಮರು ಭಗವಾನ್ ಮಹಾವೀರರನ್ನು ಕೇಳುವ ಪ್ರಶ್ನೆ, ಜೀವಗಳು ಭಾರವಾಗುವುದು ಹೇಗೆ, ಹಗುರವಾಗುವುದು ಹೇಗೆ ಎಂಬುದು. ಭಗವಂತರು ಸೋರೆಬುರುಡೆಯ ದೃಷ್ಟಾಂತವನ್ನು ಕೊಡುತ್ತಾರೆ. ಒಣಗಿದ ಸೋರೆಬುರುಡೆಗೆ ದರ್ಭೆಯನ್ನು ಸುತ್ತಿ ಮಣ್ಣು ಮೆತ್ತಿ ಒಣಗಿಸಿ, ಹೀಗೆ ಎಂಟು ಸಲ ಲೇಪ ಮಾಡಿ ಆಳವಾದ ನೀರಿನಲ್ಲಿ ಬಿಟ್ಟರೆ ಅದು ತಳ ಸೇರುತ್ತದೆ. ಲೇಪಗಳು ಒಂದೊಂದಾಗಿ ನೆನೆದು ಕಳಚಿದಂತೆ ಮೇಲೇರುತ್ತ ಕೊನೆಗೆ ನೀರಿನ ಮೇಲೆ ನಿಲ್ಲುತ್ತದೆ. ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದ ಹತ್ತನೆಯ ಅಧ್ಯಾಯದಲ್ಲಿ ಮುಕ್ತಜೀವದ ಊರ್ಧ್ವಗತಿಗೆ ಕುಂಬಾರನ ಚಕ್ರ, ಹರಳುಬೀಜ, ಅಗ್ನಿಶಿಖೆಗಳ ಜೊತೆಗೆ ಈ ಲೇಪ ಕಳಚಿದ ಸೋರೆಬುರುಡೆಯನ್ನೇ ಉದಾಹರಿಸಿದ್ದಾರೆ. ದಿಗಂಬರ, ಶ್ವೇತಾಂಬರ ಎರಡೂ ಆಮ್ನಾಯಗಳು ಈ ಬುರುಡೆಯ ವಿಷಯದಲ್ಲಿ ಒಂದೇ ಮಾತನ್ನಾಡುತ್ತವೆ. ಭಾರ ಎಂದರೆ ಕರ್ಮ, ಹಗುರ ಎಂದರೆ ಬಿಡುಗಡೆ.

ಇದಕ್ಕಿಂತ ಹೆಚ್ಚು ಆಶ್ಚರ್ಯವನ್ನುಂಟುಮಾಡುವುದು ‘ಗೌರವ’ ಎಂಬ ಶಬ್ದಕ್ಕೆ ಆಗಮಗಳು ಕೊಟ್ಟ ಗತಿ. ಲೋಕವು ಕೈಮುಗಿಯುವ ಆ ಶಬ್ದ ಪ್ರಾಕೃತದಲ್ಲಿ ‘ಗಾರವ’ವಾಗಿ ಸಾಧುಗಳು ತ್ಯಜಿಸಬೇಕಾದ ದೋಷಗಳ ಪಟ್ಟಿಯನ್ನು ಸೇರಿದೆ. ಋದ್ಧಿಗಾರವ, ರಸಗಾರವ, ಸಾತಗಾರವ ಎಂದು ಅದು ಮೂರು ವಿಧ: ತನ್ನ ವೈಭವ ಮನ್ನಣೆಗಳ ಭಾರ, ತಾನು ಉಣ್ಣುವ ರುಚಿಗಳ ಭಾರ, ತನ್ನ ಸುಖದ ಭಾರ. ಇವುಗಳಿಂದ ಬೀಗುವವನು ಭಾರವಾಗಿದ್ದಾನೆ, ಆದ್ದರಿಂದಲೇ ಮುಳುಗುತ್ತಾನೆ. ಇದಕ್ಕೆ ಪ್ರತಿಯಾಗಿ ‘ಲಾಘವ’ವು, ಎಂದರೆ ಪರಿಗ್ರಹವಿಲ್ಲದ ಹಗುರತನವು, ಮುನಿಗಳಿಗೆ ಭೂಷಣವೆನಿಸಿದೆ. ಪೇಟೆಯಲ್ಲಿ ಬೈಗುಳವಾದ ಶಬ್ದದ ಅಣ್ಣನೋ ತಮ್ಮನೋ ಆದ ಒಂದು ಮಾತು ಸಂಘದಲ್ಲಿ ಸಾಧುಗುಣದ ಹೆಸರಾಗಿ ಬಾಳಿದೆ.

ಈ ಕುಲದ ಇನ್ನೊಂದು ಶಬ್ದವು ಗಿರ್ನಾರದ ಬುಡದಲ್ಲಿದೆ. ಭಗವಾನ್ ನೇಮಿನಾಥರ ನಿರ್ವಾಣಭೂಮಿಯಾದ ಆ ಬೆಟ್ಟಕ್ಕೆ ಹೋಗುವ ಯಾತ್ರಿಕರು ಜುನಾಗಢದಿಂದ ಹೊರಟಾಗ ದಾರಿಯಲ್ಲಿ ಅಶೋಕನ 14 ಶಾಸನಗಳುಳ್ಳ ಬಂಡೆಯನ್ನು ಹಾದುಹೋಗುತ್ತಾರೆ. ಬಹುತೇಕರು ಡೋಲಿಯ ಬಾಡಿಗೆಯ ಮಾತಿನಲ್ಲಿರುವುದರಿಂದ ನಿಂತು ನೋಡುವುದಿಲ್ಲ. ಅದರ 12ನೆಯ ಶಾಸನವು ಮಾತಿನ ಸಂಯಮವನ್ನು ಕುರಿತದ್ದು. ಎಲ್ಲ ಪಂಥಗಳ ಸಾರವೂ ಬೆಳೆಯಬೇಕಾದರೆ ಅದರ ಮೂಲ ವಚೋಗುಪ್ತಿ ಎಂದು ಅರಸನು ಸಾರಿದ್ದಾನೆ. ಜೈನರ ಗುಪ್ತಿತ್ರಯದಲ್ಲಿ ಒಂದಾದ ಶಬ್ದವೇ ಅದು. ತನ್ನ ಪಂಥವನ್ನು ಹೊಗಳಿ ಪರರ ಪಂಥವನ್ನು ಅಕಾರಣವಾಗಿ ಹಳಿಯಬಾರದು, ಸಕಾರಣವಿದ್ದಾಗಲೂ ಅದು ‘ಲಹುಕ’ವಾಗಿರಬೇಕು, ಎಂದರೆ ಹಗುರವಾಗಿರಬೇಕು ಎಂಬುದು ಅಲ್ಲಿಯ ಆದೇಶ. ಈ ‘ಲಹುಕ’ವು ಆ ಲಘುಕವೇ. 1986ರಲ್ಲಿ ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ತೀರದ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಗುಡಿಯ ಚಾವಣಿ ಕುಸಿದಾಗ ಬೆಳಕಿಗೆ ಬಂದ ಅಶೋಕನ ಶಾಸನಶಿಲೆಯಲ್ಲಿಯೂ ಈ 12ನೆಯ ಶಾಸನದ ಭಾಗವಿದೆ. ಆದ್ದರಿಂದ ಈ ಆದೇಶವು ಕನ್ನಡ ನೆಲಕ್ಕೂ ಹೊಸದಲ್ಲ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಪರರನ್ನು ಹಳಿಯುವ ಮಾತು ಹಗುರವಾಗಿರಲಿ ಎಂದು ಹೇಳಲು ಬಳಸಿದ ಶಬ್ದದ ಸಂತತಿಯೇ ಇಂದು ಪರರನ್ನು ಹಳಿಯುವ ಮಾತಾಗಿ ಕುಳಿತಿದೆ. ಅದೇ ಶಾಸನದಲ್ಲಿ ಪಂಥ ಎಂಬ ನಿರ್ದೋಷ ಅರ್ಥದಲ್ಲಿ ಬರುವ ‘ಪಾಸಂಡ’ವು ಮುಂದೆ ‘ಪಾಷಂಡಿ’ ಎಂಬ ನಿಂದೆಯಾಗಿ, ಜೈನರ ಮೇಲೂ ಸಾಕಷ್ಟು ಸಲ ಪ್ರಯೋಗವಾಯಿತು. ಶಬ್ದಗಳು ಇಳಿಜಾರಿನಲ್ಲಿ ಬೇಗ ಉರುಳುತ್ತವೆ.

‘ನಿಜವಾಗಿಯೂ ಒರಟನಾದವನನ್ನು ಒರಟನೆಂದರೆ ಅದು ಸತ್ಯವೇ ಅಲ್ಲವೆ? ಸತ್ಯಾಣುವ್ರತಿಯು ಇದ್ದದ್ದನ್ನು ಇದ್ದಂತೆ ಹೇಳಬಾರದೆ?’ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ‘ದಶವೈಕಾಲಿಕ’ದ ಏಳನೆಯ ಅಧ್ಯಯನವು ಇದಕ್ಕೆ ಕೊಡುವ ಉತ್ತರ ಕಠಿಣವಾಗಿದೆ. ಒಕ್ಕಣ್ಣನನ್ನು ಒಕ್ಕಣ್ಣನೆಂದೂ ರೋಗಿಯನ್ನು ರೋಗಿಯೆಂದೂ ಕಳ್ಳನನ್ನು ಕಳ್ಳನೆಂದೂ ಕರೆಯಬಾರದೆಂಬುದು ಅಲ್ಲಿಯ ನಿಯಮ. ಸಂಗತಿ ನಿಜವಾಗಿದ್ದರೂ ಪರಪೀಡೆಯನ್ನುಂಟುಮಾಡುವ ಮಾತು ನಿಷಿದ್ಧ. ಅಷ್ಟಕ್ಕೇ ನಿಲ್ಲದೆ ಆ ಕಾಲದ ಜನ ಬಳಸುತ್ತಿದ್ದ ‘ಹೋಲ’, ‘ಗೋಲ’, ‘ವಸುಲ’ ಮುಂತಾದ ತಿರಸ್ಕಾರದ ಸಂಬೋಧನೆಗಳನ್ನು ಹೆಸರಿಸಿಯೇ ಬೇಡವೆಂದಿದೆ. ಇಂದು ಅವು ಯಾರನ್ನೂ ನೋಯಿಸುವ ಶಕ್ತಿ ಉಳಿಸಿಕೊಂಡಿಲ್ಲ. ಮುಂದೊಂದು ಕಾಲಕ್ಕೆ ‘ಹಲ್ಕಟ್’ ಕೂಡ ಹಾಗೆಯೇ ಆಗಬಹುದು. 2012ರ ಒಂದು ಹಿಂದೀ ಚಲನಚಿತ್ರದ ಹಾಡು ಅದನ್ನು ಆಗಲೇ ಅಲಂಕಾರವಾಗಿ ತೊಟ್ಟುಕೊಂಡಿದೆ.

ಮುನಿಗಳಿಗೆ ಹೇಳಿದ್ದು ಗೃಹಸ್ಥನಿಗೆ ಪೂರ್ತಿಯಾಗಿ ಅನ್ವಯಿಸದೆನ್ನುವವರು ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ವನ್ನು ನೋಡಬೇಕು, ಅದು ಶ್ರಾವಕರಿಗಾಗಿಯೇ ಬರೆದದ್ದು. ಅಸತ್ಯದ ನಾಲ್ಕು ಭೇದಗಳನ್ನು ಹೇಳಿ, ನಾಲ್ಕನೆಯದನ್ನು ಗರ್ಹಿತ, ಸಾವದ್ಯ, ಅಪ್ರಿಯ ಎಂದು ಮೂರಾಗಿ ವಿಂಗಡಿಸುತ್ತಾರೆ. ಚಾಡಿ, ಅಪಹಾಸ್ಯ, ಕರ್ಕಶವಚನಗಳು ಗರ್ಹಿತ. ಭಯ, ಖೇದ, ವೈರ, ಶೋಕ, ಕಲಹಗಳನ್ನು ಹುಟ್ಟಿಸುವ ಮಾತು ಅಪ್ರಿಯ. ಇವೆರಡನ್ನೂ ಆಚಾರ್ಯರು ‘ಕಠೋರ ಸತ್ಯ’ವೆಂದು ಕರೆಯದೆ ಅಸತ್ಯದಲ್ಲಿಯೇ ಸೇರಿಸಿದ್ದಾರೆ. ಜೊತೆಗೆ ಒಂದು ಬಾಗಿಲನ್ನೂ ತೆರೆದಿಟ್ಟಿದ್ದಾರೆ: ಅಸತ್ಯಕ್ಕೆಲ್ಲ ಕಾರಣ ಪ್ರಮತ್ತಯೋಗ, ಅದಿಲ್ಲದೆ, ಬಿಡಬೇಕಾದುದನ್ನು ಬಿಡಿಸುವ ಸಲುವಾಗಿ ಆಡಿದ ಉಪದೇಶವು ಕೇಳುವವನಿಗೆ ಕಹಿಯಾದರೂ ಅಸತ್ಯವಲ್ಲ. ಆದ್ದರಿಂದ ಅವಿನಯವನ್ನು ಕಂಡು ಬಾಯಿ ಮುಚ್ಚಿಕೊಂಡಿರಬೇಕೆಂದು ಶಾಸ್ತ್ರ ಹೇಳುತ್ತಿಲ್ಲ. ‘ನೀನು ಆಡಿದ್ದು ಸರಿಯಲ್ಲ’ ಎನ್ನಬಹುದು, ಗಟ್ಟಿಯಾಗಿಯೇ ಎನ್ನಬಹುದು. ‘ನೀನು ಹಲ್ಕಟ್’ ಎಂದಾಗ ಮಾತ್ರ ಸಂಗತಿ ಬೇರೆಯಾಗುತ್ತದೆ. ಮೊದಲನೆಯ ಮಾತು ಪರ್ಯಾಯವನ್ನು ಕುರಿತದ್ದು, ಇಂದು ಇದ್ದು ನಾಳೆ ಬದಲಾಗುವಂಥದ್ದನ್ನು. ಎರಡನೆಯದು ಪರ್ಯಾಯವನ್ನೇ ದ್ರವ್ಯವೆಂದು ಸಾಧಿಸುತ್ತದೆ. ಒಂದು ಕ್ಷಣದ ಮಣ್ಣಿನ ಲೇಪವನ್ನು ತೋರಿಸಿ ಬುರುಡೆಯೇ ಮಣ್ಣು ಎಂದಂತೆ. ಸ್ಯಾದ್ವಾದವನ್ನು ವೇದಿಕೆಯ ಮೇಲೆ ವಿವರಿಸುವವರು ಮನೆಯ ಅಡುಗೆಯಾಳಿನ ವಿಷಯದಲ್ಲಿ ಏಕಾಂತವಾದಿಗಳಾಗುವುದನ್ನು ನೋಡಿದರೆ ನಗುವೂ ಬರುತ್ತದೆ, ಬೇಸರವೂ ಬರುತ್ತದೆ.

ವ್ಯಾಪಾರಿಗಳಿಗೆ ಇಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ ಒಂದು: ಕೊಳ್ಳುವಾಗ ಭಾರದ ಕಲ್ಲು, ಕೊಡುವಾಗ ಹಗುರದ ಕಲ್ಲು. ಮನುಷ್ಯರನ್ನು ತೂಗುವಾಗ ಧಣಿಯ ಕೋಪಕ್ಕೆ ಒಂದು ಕಲ್ಲು, ಆಳಿನ ಕೋಪಕ್ಕೆ ಇನ್ನೊಂದು ಕಲ್ಲು ಇಟ್ಟರೆ ಅದೂ ಆ ಅತಿಚಾರದ ನೆರಳಿನಲ್ಲಿಯೇ ಬರುತ್ತದೆಂದು ತಿಳಿಯಬೇಕಾಗುತ್ತದೆ. ಬಸದಿಗಳ ಆಡಳಿತ ಮಂಡಳಿಗಳೂ ಇದನ್ನು ಯೋಚಿಸಬೇಕಾದದ್ದಿದೆ. ಪಾತ್ರೆ ತೊಳೆಯುವವರು, ಕಾವಲುಗಾರರು, ಉತ್ಸವದ ದಿನ ಮಂಟಪ ಕಟ್ಟುವ ಕೂಲಿಯವರು ಬಾಕಿ ಹಣವನ್ನು ಎರಡನೆಯ ಸಲ ಕೇಳಿದಾಗ ‘ಉದ್ಧಟ ವರ್ತನೆ’ ಎಂದು ನಡಾವಳಿ ಪುಸ್ತಕದಲ್ಲಿ ಬರೆಯುವುದು ಬಹು ಸುಲಭ. ಸವಾಲಿನಲ್ಲಿ ಹೆಚ್ಚಿನ ಮೊತ್ತಕ್ಕೆ ಕಲಶ ಹಿಡಿದ ಶ್ರೀಮಂತರು ಸರದಿಯಲ್ಲಿ ನಿಂತ ಬಡ ಶ್ರಾವಕಿಯನ್ನು ತೋಳಿನಿಂದ ಸರಿಸಿ ಮುಂದೆ ಹೋದದ್ದು ಯಾವ ನಡಾವಳಿಯಲ್ಲಿಯೂ ದಾಖಲಾಗುವುದಿಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ’ದಲ್ಲಿ ಕುಲ, ಜಾತಿ, ಬಲ, ಸಂಪತ್ತು ಮೊದಲಾದ ಎಂಟು ಮದಗಳನ್ನು ಹೇಳಿದ ಬೆನ್ನಲ್ಲಿಯೇ, ಸಮ್ಯಗ್ದರ್ಶನವುಳ್ಳ ಚಾಂಡಾಲನನ್ನು ಬೂದಿ ಮುಚ್ಚಿದ ಕೆಂಡಕ್ಕೆ ಹೋಲಿಸಿ ದೇವನೆಂದದ್ದು ವ್ಯರ್ಥವಲ್ಲ.

ಹೀಗೆ ಹಗುರ ಮಾಡುವುದರ ಫಲ ಯಾರಿಗೆ ತಟ್ಟುತ್ತದೆಂಬುದನ್ನೂ ಸೂತ್ರಕಾರರು ಬಿಟ್ಟಿಲ್ಲ. ಪರನಿಂದೆ, ಆತ್ಮಪ್ರಶಂಸೆ, ಇತರರಲ್ಲಿರುವ ಗುಣಗಳನ್ನು ಮುಚ್ಚುವುದು, ತನ್ನಲ್ಲಿಲ್ಲದ ಗುಣಗಳನ್ನು ಮೆರೆಸುವುದು ಇವು ನೀಚಗೋತ್ರಕರ್ಮದ ಆಸ್ರವಕ್ಕೆ ಕಾರಣಗಳೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿದೆ. ಪರರನ್ನು ಕೀಳೆಂದು ಕರೆದವನು ಆ ಕೀಳುತನದ ಹುಂಡಿಯನ್ನು ತನ್ನ ಹೆಸರಿಗೇ ಬರೆದುಕೊಂಡ ಹಾಗೆ. ಇನ್ನು ಆ ಗೋತ್ರಕರ್ಮವು ಪೂರ್ತಿಯಾಗಿ ಕ್ಷಯವಾದಾಗ ಸಿದ್ಧಪರಮೇಷ್ಠಿಯಲ್ಲಿ ಪ್ರಕಟವಾಗುವ ಗುಣ ಯಾವುದು? ಉಚ್ಚತ್ವವೆಂದು ಯಾರಾದರೂ ಊಹಿಸಬಹುದು. ಅದಲ್ಲ. ಸಿದ್ಧರ ಎಂಟು ಗುಣಗಳಲ್ಲಿ ಗೋತ್ರಕರ್ಮದ ನಾಶದಿಂದ ಬರುವುದು ‘ಅಗುರುಲಘುತ್ವ’: ಗುರುವೂ ಅಲ್ಲ, ಲಘುವೂ ಅಲ್ಲ. ಮೇಲು ಕೀಳುಗಳನ್ನು ಹುಟ್ಟಿಸುವ ಕರ್ಮ ಹೋದ ಮೇಲೆ ತಕ್ಕಡಿಗೇ ಕೆಲಸವಿಲ್ಲ.

ಭಾಷೆಯ ಕೀಳುಮೇಲಿನ ಪ್ರಶ್ನೆಯನ್ನೂ ಈ ಜಿಲ್ಲೆಯ ಒಬ್ಬ ಜೈನ ವಿದ್ವಾಂಸರು ಎದುರಿಸಿದ್ದರು. ಇಂದಿನ ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯ ಮಠದ ಶಿಷ್ಯರಾದ ಭಟ್ಟಾಕಳಂಕದೇವರು 1604ರಲ್ಲಿ 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡದ ವ್ಯಾಕರಣವಾದ ‘ಶಬ್ದಾನುಶಾಸನ’ವನ್ನು ಪೂರ್ಣಗೊಳಿಸಿದರು. ದೇಶಭಾಷೆಯಾದ ಕನ್ನಡವು ಶಾಸ್ತ್ರಕ್ಕೆ ಸಲ್ಲದೆಂಬ ತಿರಸ್ಕಾರಕ್ಕೆ ಅವರು ಕೋಪದಿಂದ ಉತ್ತರಿಸಲಿಲ್ಲ. ತತ್ತ್ವಾರ್ಥದ ಮೇಲೆ 96,000 ಗ್ರಂಥಪ್ರಮಾಣದ ‘ಚೂಡಾಮಣಿ’ ಎಂಬ ವ್ಯಾಖ್ಯಾನವು ಇದೇ ಭಾಷೆಯಲ್ಲಿದೆಯೆಂದು ತೋರಿಸಿದರು. ಹಗುರವೆಂದವರನ್ನು ಹಗುರವೆನ್ನದೆ ಉತ್ತರ ಕೊಡುವ ಬಗೆ ಅದು.

ಕಾರವಾರದ ಪೇಟೆಯಲ್ಲಿ ಲಾರಿಯಿಂದ ಅಕ್ಕಿಮೂಟೆ ಇಳಿಸುವ ಹೊತ್ತಿನಲ್ಲಿ ಈ ಎರಡೂ ಶಬ್ದಗಳು ಒಟ್ಟಿಗೆ ಕೇಳಿಬರುವುದುಂಟು. ಮಳೆಗಾಲದ ಜಾರುವ ಹಲಗೆಯ ಮೇಲೆ 50 ಕಿಲೋ ಭಾರವನ್ನು ಬೆನ್ನಿಗೇರಿಸಿಕೊಂಡ ಹಮಾಲನಿಗೆ ಕೆಳಗೆ ನಿಂತ ಸಂಗಾತಿಯು ‘ಹಳೂ, ಹಳೂ’ ಎನ್ನುತ್ತಾನೆ. ತಡವಾಯಿತೆಂದು ಒಳಗಿನಿಂದ ಇನ್ನೊಂದು ಶಬ್ದ ಬರುತ್ತದೆ. ಹಮಾಲನು ಎರಡನ್ನೂ ಕೇಳಿಸಿಕೊಂಡು, ಮೂಟೆಯನ್ನು ಅಟ್ಟಿಯ ಮೇಲೆ ಇಳಿಸಿ, ಮುಂದಿನದಕ್ಕಾಗಿ ಲಾರಿಯ ಕಡೆಗೆ ತಿರುಗುತ್ತಾನೆ.